ಅಣ್ಣ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ, ಕುಡಿತ ಬಿಟ್ಟವರ ಸಭೆಗೆ ಕಳುಹಿಸುವುದು ಹೇಗೆ?

ಅಡಿಕೆ ಊರಿನ ತಂಗಿ:

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿ, ಕೊನೆಗೆ ಬರೆಯುತ್ತಿದ್ದೇನೆ. ನನ್ನ ಅಣ್ಣನಿಗೆ 43 ವರ್ಷ. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಗೆಳೆಯರೊಂದಿಗೆ ಹಬ್ಬ ಜಾತ್ರೆಗಳಲ್ಲಿ ಶುರುವಾದ ಕುಡಿತ, ಕಳೆದ ಎರಡು ವರ್ಷಗಳಲ್ಲಿ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಒಂದು ಕ್ವಾರ್ಟರ್ ಬೇಕು ಎನ್ನುವ ಮಟ್ಟಕ್ಕೆ ಬಂದಿತ್ತು. ಅದು ಹೊಟ್ಟೆಗೆ ಹೋಗದಿದ್ದರೆ ಕೈ ನಡುಗಿ ಖಾತೆ ಪುಸ್ತಕದಲ್ಲಿ ಅಂಕಿಗಳೇ ಮೂಡುತ್ತಿರಲಿಲ್ಲ. ಹೋದ ತಿಂಗಳು ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ 14 ದಿನ ಇದ್ದು ಬಂದ. ಮನೆಗೆ ಬಂದು ಇಂದಿಗೆ 22 ದಿನ, ಒಂದು ಹನಿಯೂ ಮುಟ್ಟಿಲ್ಲ.

ಬಿಡುಗಡೆಯ ದಿನ ವೈದ್ಯರು ಮಾತ್ರೆಗಳ ಜೊತೆಗೆ, ಕುಡಿತ ಬಿಟ್ಟವರು ಸೇರುವ ಸಭೆಗಳಿಗೆ ತಪ್ಪದೆ ಹೋಗಬೇಕು ಎಂದು ಚೀಟಿಯ ಹಿಂದೆ ಬರೆದುಕೊಟ್ಟಿದ್ದಾರೆ. ಅಣ್ಣನಿಗೆ ಅದೇ ದೊಡ್ಡ ಬೆಟ್ಟವಾಗಿದೆ. "ಹತ್ತು ಜನರ ಮುಂದೆ ಎದ್ದು ನಿಂತು ನಾನು ಕುಡುಕ ಎಂದು ಹೇಳಬೇಕಂತೆ, ಅದಕ್ಕಿಂತ ಮನೆಯಲ್ಲೇ ಬಾಗಿಲು ಹಾಕಿಕೊಂಡು ಇರುತ್ತೇನೆ" ಎನ್ನುತ್ತಾನೆ. ನಮ್ಮದು ಸಣ್ಣ ಊರು, ಇಲ್ಲಿ ಅಂಥ ಸಭೆ ಇಲ್ಲ. ಹತ್ತಿರದ ದೊಡ್ಡ ಊರಿಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆ. ಅಲ್ಲಿ ಸಭೆ ನಡೆಯುತ್ತದೆಯೇ ಎಂದು ತಿಳಿಯುವುದು ಹೇಗೆ? ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತದೆಯೇ? ಚರ್ಚಿನಲ್ಲಿ ನಡೆಯುತ್ತದೆ ಎಂದು ಯಾರೋ ಹೇಳಿದ್ದರಿಂದ ನಮ್ಮ ಅಮ್ಮನಿಗೆ ಬೇರೊಂದು ಅಳುಕು. ಅತ್ತಿಗೆ ಜೊತೆಗೆ ಹೋಗಬಹುದೇ?

ಇನ್ನೊಂದು ವಿಷಯ. ಪಕ್ಕದ ಮನೆಯವರು ಒಂದು ಪುಡಿಯ ಪೊಟ್ಟಣ ತಂದುಕೊಟ್ಟು, ಸಾರಿನಲ್ಲಿ ಅವನಿಗೆ ತಿಳಿಯದಂತೆ ಬೆರೆಸಿದರೆ ಮುಂದೆಂದೂ ಕುಡಿಯುವುದಿಲ್ಲ ಎಂದಿದ್ದಾರೆ. ಅತ್ತಿಗೆ ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಾಳೆ. ಬಳಸಿಲ್ಲ, ಎಸೆದೂ ಇಲ್ಲ. ತಿಳಿದವರು ದಯವಿಟ್ಟು ಉತ್ತರಿಸಿ.

ಇಂದು ಒಂದು ದಿನ:

ತಂಗೀ, ನಾನು ಬೆಂಗಳೂರಿನಲ್ಲಿರುವ ಮದ್ಯವ್ಯಸನಿ. ಕೊನೆಯ ಬಾರಿ ಕುಡಿದು 11 ವರ್ಷ ದಾಟಿತು. ಇಂದಿಗೂ ವಾರಕ್ಕೆ ಎರಡು ಸಭೆಗಳಿಗೆ ಹೋಗುತ್ತೇನೆ. ನಿಮ್ಮ ವೈದ್ಯರು ಹೇಳಿರುವುದು ಬಹುಶಃ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳ ವಿಷಯ. ನಾವು ಚಿಕ್ಕದಾಗಿ ಎಎ ಎನ್ನುತ್ತೇವೆ.

ಮೊದಲು ನಿಮ್ಮ ಅಣ್ಣನ ಭಯದ ಮಾತು. ನನ್ನ ಮೊದಲ ಸಭೆ ಒಂದು ಪ್ರಾಥಮಿಕ ಶಾಲೆಯ ತರಗತಿಯಲ್ಲಿತ್ತು. ಗೇಟಿನ ಮುಂದೆ ಮೂರು ಸಲ ಹಾದುಹೋದೆ. ಮೂರನೆಯ ಸಲ ಒಬ್ಬ ಹಿರಿಯರು ಹೊರಗೆ ಬಂದು "ಕಾಫಿ ಆರಿಹೋಗುತ್ತದೆ, ಬನ್ನಿ" ಎಂದರು. ಯಾರು, ಎಲ್ಲಿಂದ ಎಂದು ಏನನ್ನೂ ಕೇಳಲಿಲ್ಲ. ಒಳಗೆ ಮಕ್ಕಳು ಕೂರುವ ಗಿಡ್ಡ ಬೆಂಚುಗಳು, ಕರಿಹಲಗೆಯ ಮೇಲೆ ಅಳಿಸದೆ ಉಳಿದ ಏಳರ ಮಗ್ಗಿ. ಮಂಡಿ ಎದೆಗೆ ತಾಗುವಂತೆ ಕುಳಿತ 14 ಗಂಡಸರು, ಇಬ್ಬರು ಹೆಂಗಸರು. ಒಂದೂವರೆ ಗಂಟೆ ನಾನು ಆ ಏಳರ ಮಗ್ಗಿಯನ್ನೇ ನೋಡುತ್ತಿದ್ದೆ. ನನ್ನ ಸರದಿ ಬಂದಾಗ "ಇಂದು ಕೇಳಲು ಮಾತ್ರ ಬಂದಿದ್ದೇನೆ" ಎಂದೆ, "ಸಂತೋಷ" ಎಂದು ಹೇಳಿ ಪಕ್ಕದವರಿಗೆ ಸರದಿ ಕೊಟ್ಟರು. ಮಾತನಾಡಲೇಬೇಕು ಎಂದು ಯಾರೂ ಒತ್ತಾಯಿಸುವುದಿಲ್ಲ. ನಾನು ಬಾಯಿ ತೆರೆದದ್ದು ಆರನೆಯ ಸಭೆಯಲ್ಲಿ.

ಅಲ್ಲಿ ಉಪದೇಶವೂ ಇಲ್ಲ, ಚರ್ಚೆಯೂ ಇಲ್ಲ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ. ಕುಡಿತ ತಮ್ಮನ್ನು ಎಲ್ಲಿಗೆ ಒಯ್ದಿತು, ಹೇಗೆ ನಿಂತಿತು, ಈ ವಾರ ಹೇಗೆ ಕಳೆಯಿತು ಎಂಬಷ್ಟನ್ನೇ ಹೇಳಿಕೊಳ್ಳುತ್ತಾರೆ. ಅಂದು ಒಬ್ಬರು, ಹೆಂಡತಿಗೆ ಕಾಣದಂತೆ ಸ್ಕೂಟರಿನ ಡಿಕ್ಕಿಯಲ್ಲಿ ಬಾಟಲಿಗೆ ಕೈಒರೆಸುವ ಬಟ್ಟೆ ಸುತ್ತಿ ಇಡುತ್ತಿದ್ದುದನ್ನು ಹೇಳಿದರು. ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರಿನಲ್ಲಿಯೂ ಅಂಥದೇ ಬಟ್ಟೆ ಇತ್ತು. ವೈದ್ಯರು, ಮಾವ, ಆಫೀಸಿನ ಮೇಲಧಿಕಾರಿ, ಯಾರ ಬುದ್ಧಿಮಾತೂ ಇಳಿಯದ ಕಡೆ ಆ ಬಟ್ಟೆಯ ಮಾತು ಇಳಿಯಿತು.

ಈ ಕೂಟ ಹುಟ್ಟಿದ್ದೇ ಹಾಗೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕೆ ಹೋಗಿ ಸೋತು ಕುಳಿತಿದ್ದ, ಕುಡಿತ ಬಿಟ್ಟು ಆರು ತಿಂಗಳೂ ತುಂಬದ ಬಿಲ್ ಎಂಬಾತ, ಹೋಟೆಲಿನ ಬಾರಿನ ಸದ್ದು ಕಿವಿಗೆ ಬೀಳುತ್ತಿದ್ದಾಗ ಅದರತ್ತ ಹೋಗದೆ ದೂರವಾಣಿಯತ್ತ ಹೋದ. ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡಿದರೆ ಮಾತ್ರ ತಾನು ಉಳಿಯುತ್ತೇನೆ ಎಂದು ಅವನಿಗೆ ಅನಿಸಿತ್ತು. ಹಾಗೆ ಸಿಕ್ಕವರು ಬಾಬ್ ಎಂಬ ಶಸ್ತ್ರಚಿಕಿತ್ಸಕರು. ಬಾಬ್ ಕೂಡ ಭೇಟಿಯಾದ ಮರುದಿನವೇ ಶುದ್ಧರಾಗಲಿಲ್ಲ, ನಡುವೆ ಒಮ್ಮೆ ಜಾರಿದರು. ಅವರು ಕೊನೆಯ ಬಾರಿ ಕುಡಿದ ದಿನ, 1935ರ ಜೂನ್ 10, ಎಎ ಹುಟ್ಟಿದ ದಿನವೆಂದು ಇಂದಿಗೂ ಎಣಿಕೆಯಲ್ಲಿದೆ. ನಿಮ್ಮ ಅಣ್ಣ ಮುಂದೆ ಒಮ್ಮೆ ಜಾರಿದರೆ ದಯವಿಟ್ಟು ಇದನ್ನು ಅವರಿಗೆ ಹೇಳಿ.

ಭಾರತದಲ್ಲಿ ಎಎ 1957ರಿಂದ ಇದೆ. ಎಎ ಭಾರತದ ಅಧಿಕೃತ ಜಾಲತಾಣದಲ್ಲಿ ಸಹಾಯವಾಣಿಯ ಸಂಖ್ಯೆ ಸಿಗುತ್ತದೆ. ಫೋನ್ ಎತ್ತುವವರೂ ಕುಡಿತ ಬಿಟ್ಟವರೇ. ನಿಮ್ಮ ಜಿಲ್ಲೆಯ ಹೆಸರು ಹೇಳಿ, ಕನ್ನಡದ ಸಭೆ ಯಾವ ವಾರ, ಎಷ್ಟು ಗಂಟೆಗೆ, ಯಾವ ಕಟ್ಟಡದಲ್ಲಿ ಎಂದು ಕೇಳಿಕೊಳ್ಳಿ. ಕಾಗದದಲ್ಲಿರುವ ವಿಳಾಸವನ್ನೇ ನಂಬಿ ಬಸ್ ಹತ್ತಬೇಡಿ, ಗುಂಪುಗಳು ಜಾಗ ಬದಲಿಸುತ್ತಿರುತ್ತವೆ. ಮೊದಲ ದಿನ ಬಸ್ ನಿಲ್ದಾಣಕ್ಕೇ ಒಬ್ಬರು ಬಂದು ಕರೆದುಕೊಂಡು ಹೋಗಬಹುದೇ ಎಂದು ಸಂಕೋಚವಿಲ್ಲದೆ ಕೇಳಿ. ಸಾಮಾನ್ಯವಾಗಿ ಬರುತ್ತಾರೆ, ಏಕೆಂದರೆ ಹೊಸಬರನ್ನು ಕರೆದು ತರುವುದರಿಂದಲೇ ಹಳಬರ ಕುಡಿತವೂ ದೂರವಿರುತ್ತದೆ. ಕೋವಿಡ್ ಕಾಲದಿಂದ ಫೋನಿನಲ್ಲೇ ಸೇರುವ ಆನ್‌ಲೈನ್ ಸಭೆಗಳೂ ಹೆಚ್ಚಿವೆ. ದೂರದ ಊರಿನವರಿಗೆ ಅದೊಂದು ದಾರಿ, ಆದರೂ ಮೊದಲ ಕೆಲವು ವಾರ ಮುಖಾಮುಖಿ ಸಭೆಗೇ ಹೋಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಚರ್ಚಿನ ಮಾತಿಗೆ ಬಂದರೆ, ಕಡಿಮೆ ಬಾಡಿಗೆಗೆ ಸಂಜೆಯ ಹೊತ್ತು ಕೊಠಡಿ ಕೊಡುವುದು ಚರ್ಚು, ಶಾಲೆಗಳೇ ಆದ್ದರಿಂದ ಅಲ್ಲಿ ಸೇರುತ್ತೇವೆ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವಕ್ಕೆ ಬೇಕಾದದ್ದು. ಶುಲ್ಕವಿಲ್ಲ. ಕೊನೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಬರುತ್ತದೆ, ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಹೊಸಬರು ಹಾಕಬೇಕಾಗಿಲ್ಲ. ಹೊರಗಿನವರ ದೇಣಿಗೆಯನ್ನು ತೆಗೆದುಕೊಳ್ಳುವುದೇ ಇಲ್ಲ. ನಿಮ್ಮ ಅತ್ತಿಗೆ 'ಮುಕ್ತ ಸಭೆ' ಎಂದು ಕರೆಯುವ ಸಭೆಗಳಿಗೆ ಬರಬಹುದು, ಉಳಿದವು ವ್ಯಸನಿಗಳಿಗೆ ಮಾತ್ರ. ಮನೆಯವರಿಗೆಂದೇ 1951ರಲ್ಲಿ ಶುರುವಾದ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಅಣ್ಣ ಹೋಗಲಿ ಬಿಡಲಿ, ಅತ್ತಿಗೆ ಅದಕ್ಕೆ ಹೋಗಲಿ.

ಒಂದೇ ಸಭೆಯನ್ನು ನೋಡಿ ತೀರ್ಮಾನ ಮಾಡಬೇಡಿ ಎಂದು ಅವರಿಗೆ ಹೇಳಿ. ನನಗೆ ಎರಡನೆಯ ಗುಂಪು ಒಗ್ಗಲಿಲ್ಲ, ನಾಲ್ಕನೆಯದು ಮನೆಯಾಯಿತು.

ವಾರ್ಡಿನ ಸಿಸ್ಟರ್:

ನಾನು ಮನೋವೈದ್ಯಕೀಯ ವಾರ್ಡಿನಲ್ಲಿ ಹಲವು ವರ್ಷ ಕೆಲಸ ಮಾಡಿದ ಶುಶ್ರೂಷಕಿ. ಮೇಲಿನವರು ಸಭೆಯ ಬಗ್ಗೆ ಹೇಳಬೇಕಾದುದನ್ನೆಲ್ಲ ಹೇಳಿದ್ದಾರೆ. ನಾನು ಆ ಪೊಟ್ಟಣದಿಂದ ಆರಂಭಿಸುತ್ತೇನೆ.

ಅದನ್ನು ಇಂದೇ ಎಸೆಯಿರಿ. ಇಂಥ ಪುಡಿಗಳಲ್ಲಿ ಏನಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಪುಡಿ ಮಾಡಿ ಅಡುಗೆಯಲ್ಲಿ ಬೆರೆಸುವುದನ್ನಂತೂ ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಅದು ನಿಜವಾದ ಔಷಧವೇ. ಮದ್ಯ ದೇಹದಲ್ಲಿ ಒಡೆಯುವಾಗ ನಡುವೆ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮುಂದಕ್ಕೆ ಕರಗದಂತೆ ಈ ಔಷಧ ತಡೆಯುತ್ತದೆ. ಆದ್ದರಿಂದ ಮಾತ್ರೆ ನುಂಗಿದವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಮಾತ್ರೆ ನಿಲ್ಲಿಸಿದ ಮೇಲೆಯೂ ಸುಮಾರು ಎರಡು ವಾರ ಈ ಪರಿಣಾಮ ಉಳಿಯುತ್ತದೆ. ಯಕೃತ್ತು, ಹೃದಯಗಳನ್ನು ಪರೀಕ್ಷಿಸಿ, ವ್ಯಕ್ತಿ ಪೂರ್ತಿ ತಿಳಿದು ಒಪ್ಪಿದ ಮೇಲೆ ವೈದ್ಯರು ಕೊಡುವ ಔಷಧವದು. ತಿಳಿಸದೆ ಕೊಡುವುದು ಅಪಾಯ. ಇಷ್ಟರ ಮೇಲೆ, ಸಾರಿನಲ್ಲಿ ಏನೋ ಬೆರೆಸಿದ್ದಾರೆ ಎಂದು ಒಮ್ಮೆ ಗೊತ್ತಾದ ಮನುಷ್ಯ ಆ ಮನೆಯಲ್ಲಿ ನಂಬಿ ಊಟ ಮಾಡುವುದಿಲ್ಲ. ಹಾಗೆ ತಟ್ಟೆಯನ್ನು ದೂರ ಸರಿಸಿದ ಗಂಡನನ್ನೂ, ಎದುರಿಗೆ ಕುಳಿತು ಅಳುತ್ತಿದ್ದ ಹೆಂಡತಿಯನ್ನೂ ನಾನು ವಾರ್ಡಿನಲ್ಲಿಯೇ ನೋಡಿದ್ದೇನೆ.

ಎರಡನೆಯದು, ದೇವರು ಮಾಡಲಿ ಹಾಗಾಗದಿರಲಿ, ಅವರು ಮತ್ತೆ ಕುಡಿಯತೊಡಗಿ ಕೆಲವು ದಿನ ನಿಲ್ಲದೆ ಕುಡಿದರೆ, ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ದೇಹ ಒಗ್ಗಿಹೋದ ಮೇಲೆ ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಮೈಯೆಲ್ಲ ನಡುಗಿ, ಇಲ್ಲದ ಹುಳುಹುಪ್ಪಟೆಗಳು ಕಂಡು, ಹೊತ್ತುಗೊತ್ತು ತಿಳಿಯದಂಥ ಸ್ಥಿತಿ ಉಂಟಾಗಬಹುದು. ಅದು ದೆವ್ವ ಹಿಡಿದದ್ದೂ ಅಲ್ಲ, ನಾಟಕವೂ ಅಲ್ಲ, ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ. ಮೊದಲು ಆಸ್ಪತ್ರೆ, ಆಮೇಲೆ ಸಭೆ.

ಮಾತ್ರೆ ಮತ್ತು ಸಭೆ ಒಂದಕ್ಕೊಂದು ವಿರೋಧವಲ್ಲ. ಸಭೆಯಲ್ಲಿ ಅಪರೂಪಕ್ಕೆ ಯಾರಾದರೂ "ಮಾತ್ರೆ ಏಕೆ, ಮನಸ್ಸು ಗಟ್ಟಿಯಿದ್ದರೆ ಸಾಕು" ಎನ್ನಬಹುದು. ಆ ಮಾತನ್ನು ಕೇಳಿ ಔಷಧ ನಿಲ್ಲಿಸಬಾರದು. ಸದಸ್ಯರು ವೈದ್ಯರ ಕೆಲಸಕ್ಕೆ ಕೈಹಾಕಬಾರದು ಎಂಬುದು ಎಎ ಕೂಟದ್ದೇ ನಿಲುವು. ಸಭೆಯಿಂದ ನಿಜವಾಗಿ ಉಪಯೋಗವಿದೆಯೇ ಎಂದು ಅನುಮಾನಿಸುವವರಿಗೆ ಒಂದು ಮಾತು ಹೇಳುತ್ತೇನೆ. 2020ರಲ್ಲಿ ಪ್ರಕಟವಾದ, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಸಂಸ್ಥೆಯ ವಿಮರ್ಶೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಜನರನ್ನು ಕ್ರಮವಾಗಿ ಎಎಗೆ ಜೋಡಿಸುವ ಚಿಕಿತ್ಸೆ ಪಡೆದವರು, ಇತರ ಮನಶ್ಶಾಸ್ತ್ರೀಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕುಡಿತದಿಂದ ಪೂರ್ತಿ ದೂರ ಉಳಿದಿದ್ದರು. ಗಮನಿಸಿ, "ಹೋಗಿ" ಎಂದು ಚೀಟಿ ಬರೆದುಕೊಟ್ಟು ಕೈತೊಳೆದುಕೊಳ್ಳುವುದಕ್ಕೂ ಕ್ರಮವಾಗಿ ಜೋಡಿಸುವುದಕ್ಕೂ ಅಂತರವಿದೆ. ಮುಂದಿನ ತಪಾಸಣೆಗೆ ಹೋದಾಗ ನಿಮ್ಮ ಆಸ್ಪತ್ರೆಯ ಆಪ್ತಸಮಾಲೋಚಕರನ್ನು ಕೇಳಿ, ಅವರ ಬಳಿ ಸ್ಥಳೀಯ ಗುಂಪಿನವರ ಸಂಪರ್ಕ ಇರುವ ಸಾಧ್ಯತೆ ಹೆಚ್ಚು. ಅಪರಾತ್ರಿಯಲ್ಲಿ ಯಾರನ್ನಾದರೂ ಕೇಳಬೇಕೆನಿಸಿದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್. ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತನಾಡಬಹುದು.

ಬೆಳ್ತಂಗಡಿ ಕಡೆಯವಳು:

ನಮಸ್ಕಾರ ಅಕ್ಕ. ನಮ್ಮ ಮನೆಯಲ್ಲಿ ಎಎ ಬರಲಿಲ್ಲ, ಮದ್ಯವರ್ಜನ ಶಿಬಿರ ಬಂತು. ಹಳ್ಳಿ ಕಡೆಯವರಿಗೆ ಇದು ಹೆಚ್ಚು ಹತ್ತಿರವಾಗಬಹುದು ಎಂದು ಬರೆಯುತ್ತಿದ್ದೇನೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರಿನವರೊಡನೆ ಸೇರಿ ಎಂಟು ದಿನಗಳ ಶಿಬಿರ ನಡೆಸುತ್ತಾರೆ. ನನ್ನ ಯಜಮಾನರು ಹೋದದ್ದು ನಮ್ಮ ಪಕ್ಕದ ಗ್ರಾಮದ ಸಭಾಭವನದಲ್ಲಿ ನಡೆದ ಶಿಬಿರಕ್ಕೆ. ಒಂದು ದಿನ ಮನೆಯವರನ್ನೂ ಕರೆದಿದ್ದರು. ಹದಿನೈದು ವರ್ಷದ ಸಂಸಾರದಲ್ಲಿ ಅವರು ನನ್ನ ಮುಖ ನೋಡಿ "ತಪ್ಪಾಯಿತು" ಎಂದದ್ದು ಅಂದೇ. ಅದು ನನಗೆ ದೊಡ್ಡ ದಿನ. ಆದರೆ ನಿಜವಾದ ಕೆಲಸ ಶಿಬಿರ ಮುಗಿದ ಮೇಲೆ ನಡೆಯಿತು ಎಂದು ಈಗ ನನಗೆ ಅನಿಸುತ್ತದೆ.

ಶಿಬಿರದಿಂದ ಬಂದವರೆಲ್ಲ ಸೇರಿ ನವಜೀವನ ಸಮಿತಿ ಎಂದು ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಅದು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯ ಅಂಗಳದಲ್ಲಿ ಸೇರುತ್ತಿತ್ತು. ಸಂಜೆ ಏಳು ಗಂಟೆ, ಅಂದರೆ ಮೊದಲು ಗಡಂಗಿಗೆ ಹೋಗುತ್ತಿದ್ದ ಹೊತ್ತೇ. ಆ ಹೊತ್ತಿಗೆ ಚಾಪೆ ಹಾಸಿ, ಚಹಾ ಕಾಯಿಸಿ, ಒಬ್ಬ ಬರದಿದ್ದರೆ ಇಬ್ಬರು ಬೈಕಿನಲ್ಲಿ ಹೋಗಿ ಕರೆತರುವರು. ನೂರು ದಿನ ತುಂಬಿದಾಗ ಶತದಿನೋತ್ಸವ ಎಂದು ಕಾರ್ಯಕ್ರಮ ಮಾಡಿದರು. ನಿಮ್ಮ ಅಣ್ಣನಿಗೆ ಊರವರಿಗೆ ತಿಳಿಯುತ್ತದೆ ಎಂಬ ಅಳುಕು. ನಮ್ಮಲ್ಲಿ ಎಲ್ಲರಿಗೂ ತಿಳಿದಿತ್ತು. ಅದರಿಂದ ಆದ ಒಳ್ಳೆಯದೆಂದರೆ, ಮದುವೆ ಮನೆಯಲ್ಲಿ ಯಾರೂ ಅವರ ಕೈಗೆ ಗ್ಲಾಸು ಕೊಡಲಿಲ್ಲ. ಒಮ್ಮೆ ಅಂಗಡಿಯ ಮೆಟ್ಟಿಲು ಹತ್ತಿದವರನ್ನು ಅಂಗಡಿಯವನೇ ಹಿಂದಕ್ಕೆ ಕಳುಹಿಸಿದ. ಒಂದು ಮಾತು ಮರೆಮಾಚದೆ ಹೇಳಬೇಕು: ಎರಡನೆಯ ವರ್ಷ ಸಮಿತಿಯ ಸಭೆ ತಿಂಗಳಿಗೊಮ್ಮೆ ಆಯಿತು, ಮಳೆಗಾಲದಲ್ಲಿ ಅದೂ ನಿಂತಿತು, ಆ ಆಟಿ ತಿಂಗಳಲ್ಲೇ ಇವರು ಮತ್ತೆ ಕುಡಿದರು. ಮತ್ತೆ ಸಭೆ ಶುರುವಾದ ಮೇಲೆ ಬಿಟ್ಟರು. ಈಗ ನಾಲ್ಕು ವರ್ಷ.

ದೂರದ ಕನ್ನಡಿಗ:

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಎಎ ಸಭೆಗಳು ಹೆಜ್ಜೆಗೊಂದು ಇವೆ, ಆದರೂ ನನಗೆ ಮೊದಲು ಅವು ಹಿಡಿಸಲಿಲ್ಲ. ಎಎಯವರು ಕುಡಿತದಿಂದ ಹೊರಬರಲು ಅನುಸರಿಸುವ ಹನ್ನೆರಡು ಹಂತಗಳಲ್ಲಿ ದೇವರ ಹೆಸರು ಮತ್ತೆ ಮತ್ತೆ ಬರುತ್ತದೆ, ನಾನು ದೇವರನ್ನು ನಂಬುವವನಲ್ಲ. "ನಾವು ಅರಿತಂತೆ ದೇವರು" ಎಂದು ಬರೆದಿದ್ದಾರೆ, ನಿಮಗೆ ಈ ಕೋಣೆಯ ಜನರೇ ನಿಮಗಿಂತ ದೊಡ್ಡ ಶಕ್ತಿ ಎಂದುಕೊಳ್ಳಿ ಎಂದು ಒಬ್ಬರು ಹೇಳಿದರು. ಆ ಮಾತು ನನ್ನಲ್ಲಿ ನಿಲ್ಲಲಿಲ್ಲ. ದೇವರ ಪ್ರಸ್ತಾಪವಿಲ್ಲದೆ, ಕುಡಿಯುವ ತುಡಿತ ಬಂದಾಗ ಯೋಚನೆಯನ್ನು ಹೇಗೆ ತಿರುಗಿಸಬೇಕು ಎಂದು ಅಭ್ಯಾಸ ಮಾಡಿಸುವ ಸ್ಮಾರ್ಟ್ ರಿಕವರಿ ಎಂಬ ಕೂಟವಿದೆ, 1994ರಿಂದ ನಡೆಯುತ್ತಿದೆ, ಆನ್‌ಲೈನ್ ಸಭೆಗಳೂ ಇವೆ. ನನಗೆ ಅದು ಹೊಂದಿತು. ನಿಮ್ಮ ಅಣ್ಣನಿಗೆ ಇಂಗ್ಲಿಷಿನ ತೊಡಕಿದ್ದರೆ ಇದು ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ.

ಆದರೂ ನಾನು ಬರೆದದ್ದು ಬೇರೆ ಕಾರಣಕ್ಕೆ. ಮೊದಲ ವರ್ಷ ನನ್ನ ಅಳಲನ್ನು ಇಂಗ್ಲಿಷಿನಲ್ಲಿ ಹೇಳಿಕೊಂಡೆ. ವಾಕ್ಯಗಳು ಸರಿಯಾಗಿದ್ದವು, ಒಳಗಿನದು ಹೊರಬರಲಿಲ್ಲ. ಒಂದು ದಿನ ಊರಿನ ಗೆಳೆಯನೊಬ್ಬ ಭಾರತದ ಕನ್ನಡ ಸಭೆಯೊಂದಕ್ಕೆ ಫೋನಿನಲ್ಲಿ ಸೇರಿಸಿದ. ಅಲ್ಲಿ "ಅಪ್ಪ ಸತ್ತ ದಿನವೂ ನಾನು ಕುಡಿದಿದ್ದೆ" ಎಂಬ ಮಾತು ತಾನಾಗಿಯೇ ಬಾಯಿಗೆ ಬಂತು. ಯಾವ ಕೂಟವಾದರೂ ಆಗಲಿ, ಅವರು ಮನೆಯಲ್ಲಿ ಆಡುವ ಭಾಷೆಯಲ್ಲೇ ಇರುವ ಸಭೆಯನ್ನು ಹುಡುಕಿ.

ಅಡಿಕೆ ಊರಿನ ತಂಗಿ:

ಎಲ್ಲರಿಗೂ ಕೈಮುಗಿಯುತ್ತೇನೆ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಪೊಟ್ಟಣವನ್ನು ಅತ್ತಿಗೆ ಅಂದೇ ಬಚ್ಚಲಿಗೆ ಸುರಿದಳು.

ಸಹಾಯವಾಣಿಯಿಂದ ದೊಡ್ಡ ಊರಿನ ಗುಂಪಿನವರೊಬ್ಬರ ಸಂಖ್ಯೆ ಸಿಕ್ಕಿತು. ನಾನು ಮಾತನಾಡಲು ಹೋದಾಗ ಅವರು ಬಹಳ ಮರ್ಯಾದೆಯಿಂದ "ಫೋನನ್ನು ಅಣ್ಣನ ಕೈಗೆ ಕೊಡುತ್ತೀರಾ ಅಮ್ಮಾ?" ಎಂದರು. ಅಣ್ಣ ಫೋನು ಹಿಡಿದು ಹಿತ್ತಿಲಿಗೆ ಹೋದವನು ಮುಕ್ಕಾಲು ಗಂಟೆ ಒಳಗೆ ಬರಲಿಲ್ಲ. ಭಾನುವಾರ ನಾನೇ ಜೊತೆಗೆ ಹೋದೆ. ಬಸ್ ನಿಲ್ದಾಣದಲ್ಲಿ ಇಬ್ಬರು ಕಾಯುತ್ತಿದ್ದರು, ಒಬ್ಬರು ಆಟೋ ಚಾಲಕರು, ಇನ್ನೊಬ್ಬರು ನಿವೃತ್ತ ಮೇಷ್ಟರು. ಸಭೆ ಮುಗಿಯುವವರೆಗೆ ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೆ. ಹೊರಗೆ ಬಂದವನು ಏನನ್ನೂ ಹೇಳಲಿಲ್ಲ. ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ "ಮಂಡಿಯಲ್ಲಿ ಲೆಕ್ಕ ಬರೆಯುವ ಇನ್ನೊಬ್ಬರು ಇದ್ದರು" ಎಂದ. ಮನೆಗೆ ಬಂದು ಜೇಬಿನಿಂದ ಮೂರು ಫೋನ್ ಸಂಖ್ಯೆಗಳ ಚೀಟಿ ತೆಗೆದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ. ನಿನ್ನೆ ಎರಡನೆಯ ಭಾನುವಾರ, ಒಬ್ಬನೇ ಹೋಗಿಬಂದ.

ಈಗ ಒಂದು ಸಂಕಟ. ಬರುವ ಗುರುವಾರ ಚಿಕ್ಕಪ್ಪನ ಮಗನ ಮದುವೆ. ಹಿಂದಿನ ರಾತ್ರಿ ಛತ್ರದ ಹಿಂದೆ ಹುಡುಗರೆಲ್ಲ ಕುಡಿಯುವುದು ಗೊತ್ತಿರುವುದೇ. ಹೋಗದಿದ್ದರೆ ಚಿಕ್ಕಪ್ಪನಿಗೆ ನೋವು. ಏನು ಮಾಡಲಿ?

ಇಂದು ಒಂದು ದಿನ:

ಹಿಂದಿನ ರಾತ್ರಿಗೆ ಹೋಗುವುದು ಬೇಡ. ಬೆಳಗ್ಗೆ ಮುಹೂರ್ತಕ್ಕೆ ಅತ್ತಿಗೆಯ ಜೊತೆ ಹೋಗಲಿ, ಹಸಿದ ಹೊಟ್ಟೆಯಲ್ಲಿ ಹೋಗದಿರಲಿ. ಅಕ್ಷತೆ ಹಾಕಿ, ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ ಹೊರಡಲಿ. ಸ್ವಂತ ಬೈಕಿನಲ್ಲಿ ಹೋದರೆ ಬೇಕೆಂದಾಗ ಹೊರಟು ಬರಬಹುದು. ಚಿಕ್ಕಪ್ಪನಿಗೆ ನೀವೇ ಮುಂಚಿತವಾಗಿ ನಿಜ ಹೇಳಿ, ಹಿರಿಯರು ಅರ್ಥ ಮಾಡಿಕೊಳ್ಳುತ್ತಾರೆ. ಕ್ಯಾಲೆಂಡರಿನ ಮೊಳೆಯಲ್ಲಿರುವ ಆ ಚೀಟಿಯಲ್ಲಿ ಒಬ್ಬರಿಗೆ ಬುಧವಾರ ರಾತ್ರಿಯೇ ಫೋನ್ ಮಾಡಿ, "ನಾಳೆ ಮದುವೆಗೆ ಹೋಗುತ್ತಿದ್ದೇನೆ, ಮಧ್ಯಾಹ್ನ ಎರಡಕ್ಕೆ ನಿಮಗೆ ಕರೆ ಮಾಡುತ್ತೇನೆ" ಎಂದು ಹೇಳಿಡಲಿ.